ಸೂಲಗಿತ್ತಿಯ ಹಲಗೆ

ನಮ್ಮೂರಿನಲ್ಲಿ ಬೋರಮ್ಮ ಬರೆದ ಹಲಗೆ ಯಾವುದು ಎಂದು ಯಾರನ್ನೂ ಕೇಳಬೇಕಾಗಿಲ್ಲ. ಮನೆಯ ಮುಂದೆ ನಿಂತು ನೋಡಿ. ಓದಲು ಬಂದರೆ ಅದು ನನ್ನದು, ಬಾರದಿದ್ದರೆ ಬೇರೆಯವರದ್ದು. ಜಂಬ ಎನ್ನುತ್ತೀರಾ? ಎನ್ನಿ. ಐವತ್ತೆಂಟು ವರ್ಷವಾಯಿತು, ನಾಲ್ಕು ಹಲ್ಲು ಹೋಗಿವೆ, ಮಂಡಿ ಹಿಡಿದುಕೊಂಡಿದೆ. ಜಂಬವೊಂದು ಗಟ್ಟಿಯಾಗಿ ಉಳಿದಿದೆ, ಅದನ್ನೂ ಬಿಟ್ಟುಕೊಟ್ಟು ನಾನೇನು ಮಾಡಲಿ?

ಹೊರಗಿನವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮಲ್ಲಿ ಟಪಾಲಿನವನಿಲ್ಲ. ಯಾರಿಗೆ ಏನು ಬೇಕಾದರೂ ಚೀಟಿಯಲ್ಲಿ ಬರೆದು, ಅಂಗಳಕ್ಕೆ ಬಂದು ಗಾಳಿಗೆ ಬಿಡುತ್ತಾರೆ. ಗಾಳಿ ಅದನ್ನು ಎತ್ತಿಕೊಂಡು ಹೋಗಿ, ಯಾವ ಮನೆಯ ಹಲಗೆಗೆ ಹೊಂದುತ್ತದೋ ಆ ಮನೆಯ ಚಾಪೆಯ ಮೇಲೆ ಹಾಕುತ್ತದೆ. ಇಂಥವರಿಗೆ ಎಂದು ಹೆಸರು ಬರೆಯುವಂತಿಲ್ಲ. ಬರೆದರೆ ಗಾಳಿ ಮುನಿಸಿಕೊಂಡು ಮುಟ್ಟುವುದೇ ಇಲ್ಲ, ಚೀಟಿ ಕಾಲ ಬುಡದಲ್ಲೇ ಬಿದ್ದಿರುತ್ತದೆ. ಏನು ಬೇಕು, ಯಾವ ಕೇರಿ, ಇಷ್ಟೇ ಬರೆಯಬೇಕು. ಉಳಿದದ್ದು ಹಲಗೆಯ ಜವಾಬ್ದಾರಿ. ‘ಸೌದೆ ಬೇಕು, ಮೇಲುಕೇರಿ’ ಎಂದು ಬಿಟ್ಟ ಚೀಟಿ ಸೌದೆಯವನ ಚಾಪೆಗೆ ಬೀಳಬೇಕು, ಮದುವೆ ದಲ್ಲಾಳಿಯ ಚಾಪೆಗೆ ಬೀಳಬಾರದು. ಆದ್ದರಿಂದ ಪ್ರತಿ ಮನೆಯ ಮುಂದೂ ಒಂದು ಹಲಗೆ; ಅದರ ಮೇಲೆ ನಮಗೆ ಎಂಥ ಚೀಟಿ ಬರಲಿ ಎಂದು ಗಾಳಿಗೆ ತಿಳಿಯುವ ಗುರುತುಗಳಲ್ಲಿ ಬರೆದ ಒಂದು ಸಾಲು. ಆ ಸಾಲು ಬರೆಯುವುದೇ ನಮ್ಮ ಕಸುಬು.

ಗುರುತುಗಳೇನೂ ಬಹಳ ಇಲ್ಲ. ಚುಕ್ಕಿ ಇಟ್ಟರೆ ‘ಯಾವ ಅಕ್ಷರವಾದರೂ ಸರಿ’. ಚುಕ್ಕಿಯ ತಲೆಗೆ ಹೂವಿಟ್ಟರೆ ‘ಎಷ್ಟು ಅಕ್ಷರವಾದರೂ ಸರಿ’. ಎರಡು ಮಾತಿನ ನಡುವೆ ಕಡ್ಡಿ ಎಳೆದರೆ ‘ಇದು, ಇಲ್ಲವೇ ಅದು’. ಎಲ್ಲಿಂದ ಎಲ್ಲಿಯವರೆಗೆ ಒಂದು ಗುಂಪು ಎಂದು ತೋರಿಸಲು ಆ ಕಡೆ ಅರ್ಧ ಬಳೆ, ಈ ಕಡೆ ಅರ್ಧ ಬಳೆ. ಹೀಗೆ ಬಿಡಿಬಿಡಿಯಾಗಿ ಹೇಳಿದರೆ ಮಕ್ಕಳಾಟ. ಆದರೆ ನಾನು ಕಸುಬು ಕಲಿತ ಹಲಗೆಮನೆಯಲ್ಲಿ ಬಿಡಿಬಿಡಿಯಾಗಿ ಹೇಳುವುದೇ ಪಾಪ. ಅಲ್ಲಿಯ ಯಜಮಾನರು ಸಂಪಿಗಯ್ಯ ಮೇಷ್ಟ್ರು. ಸಾಲು ಗೇಣು ಮೀರಬಾರದು, ಗುರುತು ಗುರುತಿಗೂ ನಡುವೆ ಕೂದಲೆಳೆ ತೂರಬಾರದು ಎಂಬುದು ಅವರ ಕಟ್ಟಳೆ. “ಸಾಲು ಎಷ್ಟು ಚಿಕ್ಕದೋ ಕೈ ಅಷ್ಟು ದೊಡ್ಡದು” ಎನ್ನುತ್ತಿದ್ದರು. ನಾವು ಹನ್ನೆರಡು ಜನ ಶಿಷ್ಯರು ಒಬ್ಬರಿಗಿಂತ ಒಬ್ಬರು ಚಿಕ್ಕದಾಗಿ ಬರೆದು, ಒಬ್ಬರದ್ದು ಇನ್ನೊಬ್ಬರಿಗೆ ತಿಳಿಯದೆ ಹೋದಾಗ ಹಿಗ್ಗುತ್ತಿದ್ದೆವು. ಹಲಗೆ ಬರೆಸಿದ ಗಿರಾಕಿ “ಇದರಲ್ಲಿ ಏನು ಬರ್ದಿದ್ದೀರಿ?” ಎಂದು ಕೇಳಿದರೆ “ಅದು ನಿಮಗೆ ಗೊತ್ತಾಗಲ್ಲ ಬುಡಿ” ಎನ್ನುವುದೇ ನಮ್ಮ ಮರ್ಯಾದೆ. ನಾನೂ ಎಷ್ಟು ಸಲ ಹಾಗೆ ಅಂದಿದ್ದೇನೋ, ದೇವರೇ ಬಲ್ಲ.

ಮೇಷ್ಟ್ರು ಬರೆದವುಗಳಲ್ಲೆಲ್ಲ ಹೆಸರಾದದ್ದು ಸೂಲಗಿತ್ತಿ ಪುಟ್ಟತಾಯಮ್ಮನ ಹಲಗೆ. ಊರಿನ ಯಾವ ಮೂಲೆಯಲ್ಲಿ ಯಾವ ಹೆಂಗಸಿಗೆ ಹೆರಿಗೆ ಕಾಣಿಸಿಕೊಂಡರೂ ಚೀಟಿ ಆಕೆಯ ಚಾಪೆಗೇ ಬರಬೇಕು. ಅದನ್ನು ಮೇಷ್ಟ್ರು ನಲವತ್ತೊಂದು ಗುರುತುಗಳಲ್ಲಿ, ಒಂದು ಗೇಣಿನಲ್ಲಿ ಮುಗಿಸಿದ್ದರು. ಬಳೆಯೊಳಗೆ ಬಳೆ, ಅದರೊಳಗೆ ಇನ್ನೊಂದು ಬಳೆ. ಕೇರಿಯ ಹೆಸರುಗಳನ್ನೂ ಪೂರ್ತಿ ಬರೆದಿರಲಿಲ್ಲ, ಒಂದರ ಬಾಲವನ್ನು ಇನ್ನೊಂದರ ತಲೆಗೆ ಹೆಣೆದುಬಿಟ್ಟಿದ್ದರು. ಮೂವತ್ತು ವರ್ಷ ಅದು ಮೇಲುಕೇರಿ, ಕುಂಬಾರಗುಂಡಿ, ಸಂತೆಬೀದಿ ಮೂರರಿಂದಲೂ ಒಂದೇ ಒಂದು ಚೀಟಿಯನ್ನೂ ತಪ್ಪಿಸದೆ ತಂದಿತು. ಹೊಸ ಶಿಷ್ಯರನ್ನು ಮೊದಲ ದಿನ ಅದರ ಮುಂದೆ ನಿಲ್ಲಿಸಿ ಕೈ ಮುಗಿಸುತ್ತಿದ್ದರು.

ಆಮೇಲೆ ಹೊಳೆಯ ಆಚೆ ಇಟ್ಟಿಗೆಗೂಡು ಹುಟ್ಟಿಕೊಂಡಿತು. ಎಲ್ಲೆಲ್ಲಿಂದಲೋ ಬಂದ ಎಂಬತ್ತು ಮನೆಯವರು ಅಲ್ಲಿ ಗುಡಿಸಲು ಹಾಕಿ, ಮಣ್ಣು ತುಳಿದು, ಇಟ್ಟಿಗೆ ಸುಟ್ಟು ಬದುಕತೊಡಗಿದರು. ಎಂಬತ್ತು ಮನೆ ಎಂದ ಮೇಲೆ ಬಸುರಿ ಬಾಣಂತಿಯರು ಇರುತ್ತಾರಲ್ಲ? ಪುಟ್ಟತಾಯಮ್ಮ ಹಲಗೆಮನೆಗೆ ಬಂದು, “ಗೂಡಿನೋರದ್ದೂ ನನ್ನ ಚಾಪೆಗೆ ಬರೋ ಹಂಗೆ ಮಾಡಿಕೊಡ್ರಪ್ಪ” ಎಂದಳು. ಮೇಷ್ಟ್ರು ನನ್ನ ಕಡೆ ನೋಡಿ, “ಬೋರಿ, ಹೋಗಿ ಒಂದು ಕಡ್ಡಿ ಎಳೆದು ಬಾ” ಎಂದರು. ನನಗಾಗ ಮೂವತ್ತಮೂರು. ಮೇಷ್ಟ್ರ ಹಲಗೆ ಮುಟ್ಟುವ ಭಾಗ್ಯ ಹನ್ನೆರಡು ಜನರಲ್ಲಿ ನನಗೆ ಬಂತು ಎಂದು ತಲೆ ಎತ್ತಿಕೊಂಡು, ನೆಲ ನೋಡದೆ ನಡೆದೆ.

ಹಲಗೆಯ ಮುಂದೆ ನಿಂತಾಗ ಗೊತ್ತಾಯಿತು, ನನಗೆ ಅದು ಓದಲು ಬರುತ್ತಿಲ್ಲ. ಕೇರಿಗಳ ಹೆಸರು ಯಾವ ಬಳೆಯೊಳಗೆ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಎಷ್ಟು ಹೊತ್ತು ನೋಡಿದರೂ ತಿಳಿಯಲಿಲ್ಲ. ಹಿಂದಿರುಗಿ ಹೋಗಿ “ಮೇಷ್ಟ್ರೇ, ತಿಳೀಲಿಲ್ಲ” ಎಂದಿದ್ದರೆ ಮುಗಿಯುತ್ತಿತ್ತು. ಹನ್ನೊಂದು ಜನ ನಗುತ್ತಾರಲ್ಲ! ಸಾಲಿನ ಕಟ್ಟಕಡೆಗೆ ಒಂದು ಕಡ್ಡಿ ಎಳೆದು, ಅದರ ಮುಂದೆ ‘ಇಟ್ಟಿಗೆಗೂಡು’ ಎಂದು ಬರೆದು, ಕೈ ಕೊಡವಿಕೊಂಡು ಬಂದೆ. “ಆಯ್ತಾ?” ಎಂದರು ಮೇಷ್ಟ್ರು. “ಆಯ್ತು” ಎಂದೆ.

ಏನಾಗಿತ್ತು ಎಂದರೆ, ಕಡ್ಡಿ ಬಳೆಯ ಹೊರಗೆ ಬಿದ್ದಿತ್ತು. ಬಳೆಯೊಳಗೆ ಕೇರಿಗಳ ಸಾಲಿಗೆ ಸೇರಿದ್ದರೆ ‘ಹೆರಿಗೆಯ ಮಾತಿದ್ದು, ಈ ನಾಲ್ಕು ಕೇರಿಗಳಲ್ಲಿ ಒಂದರಿಂದ ಬಂದದ್ದು’ ಎಂದಾಗುತ್ತಿತ್ತು. ಹೊರಗೆ ಬಿದ್ದದ್ದರಿಂದ ‘ಹಳೆಯ ಸಾಲು ಹೇಳುವುದೆಲ್ಲ, ಇಲ್ಲವೇ ಇಟ್ಟಿಗೆಗೂಡು ಎಂದಿರುವುದೆಲ್ಲ’ ಎಂದಾಯಿತು. ಗಾಳಿಗೇನು, ಹೇಳಿದ್ದನ್ನು ಮಾಡುತ್ತದೆ. ಇಟ್ಟಿಗೆಗೂಡಿನಿಂದ ಎರಡು ಸಾವಿರ ಇಟ್ಟಿಗೆ ಬೇಕು, ಇಟ್ಟಿಗೆಗೂಡಿಗೆ ಹೊಟ್ಟು ಸಾಲದು, ಇಟ್ಟಿಗೆಗೂಡಿನಲ್ಲಿ ಕತ್ತೆ ಕಳೆದಿದೆ, ಎಲ್ಲವೂ ಪುಟ್ಟತಾಯಮ್ಮನ ಚಾಪೆಗೆ. ಎರಡು ದಿನಕ್ಕೆ ಮುನ್ನೂರು ಚೀಟಿ. ಆಕೆ ಕನ್ನಡಕ ಏರಿಸಿಕೊಂಡು ಒಂದೊಂದೇ ಓದಿ ಪಕ್ಕಕ್ಕೆ ಹಾಕುತ್ತ ಕೂತಿದ್ದಳು. ಗೂಡಿನ ಸಿದ್ದಾಜಮ್ಮ ಎಂಬ ಚೊಚ್ಚಲ ಬಸುರಿ ಬೆಳಗಿನ ಜಾವ ಗಾಳಿಗೆ ಬಿಟ್ಟ ಚೀಟಿ ಅದರ ಅಡಿಯಲ್ಲಿ ಎಲ್ಲೋ ಇತ್ತು. ಸಿಕ್ಕಿದ್ದು ಮಧ್ಯಾಹ್ನ. ಹರಿಗೋಲಿನಲ್ಲಿ ಹೊಳೆ ದಾಟಿ ಒಂದು ಹರದಾರಿ ನಡೆದು ಹೋಗುವ ಹೊತ್ತಿಗೆ ಮಗು ಕಾಲು ಮುಂದಾಗಿ ಸಿಕ್ಕಿಕೊಂಡು, ಹೊರಬಂದು, ಒಮ್ಮೆಯೂ ಅಳದೆ ಹೋಗಿಬಿಟ್ಟಿತ್ತು. ತಾಯಿ ಉಳಿದದ್ದೇ ಹೆಚ್ಚು.

ಮಾರನೆಯ ದಿನ ಪುಟ್ಟತಾಯಮ್ಮ ಮಂಕರಿ ತುಂಬ ಚೀಟಿ ಹೊತ್ತುಕೊಂಡು ನನ್ನ ಮನೆಗೆ ಬಂದು ನಡುಮನೆಯಲ್ಲಿ ಸುರಿದಳು. ಆಕೆ ಕೂಗಲಿಲ್ಲ, ಬೈಯಲಿಲ್ಲ. “ಇದರೊಳಗೆ ಒಂದು ಮಗು ಇತ್ತು ಕಣೇ ಬೋರಿ” ಎಂದಳು, ಹೊರಟುಹೋದಳು. ನಾನು ಆ ಚೀಟಿಗಳ ನಡುವೆ ಕೂತು ಅತ್ತೆ. ಅತ್ತರೆ ಯಾರ ಮಗು ಬಂತು?

ಹಲಗೆಮನೆಗೆ ಹೋದೆ. ಮೇಷ್ಟ್ರು ಆಗಲೇ ನನ್ನ ಕಡ್ಡಿಯನ್ನು ಒರೆಸಿ ಬಂದಿದ್ದರು. “ಹಲಗೆ ಮೊದಲಿದ್ದ ಹಂಗೇ ಇರಲಿ. ಗೂಡಿನೋರು ಬೇಕಾದ್ರೆ ಆಳು ಕಳಿಸಲಿ” ಎಂದರು. “ಅದನ್ನ ಓದಿ ಹೇಳಿ ಮೇಷ್ಟ್ರೇ, ಕೇರಿಗಳು ಎಲ್ಲಿ ಮುಗೀತವೆ, ನಾನು ಸರಿಯಾದ ಕಡೆ ಸೇರಿಸ್ತೀನಿ” ಎಂದೆ. ಅವರು ಹಲಗೆಮನೆಯಲ್ಲಿದ್ದ ಅದರ ನಕಲು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಬೆರಳು ಮೊದಲ ಬಳೆಯಿಂದ ಎರಡನೆಯದಕ್ಕೆ ಹೋಯಿತು, ವಾಪಸು ಬಂತು, ಮತ್ತೆ ಹೋಯಿತು. ಕೊನೆಗೆ ಹಲಗೆಯನ್ನು ಬೋರಲು ಹಾಕಿ, “ಬರೆಯೋದು ನನ್ನ ಕೆಲಸ, ಓದೋದು ಗಾಳಿ ಕೆಲಸ” ಎಂದರು. ಬರೆದವರಿಗೇ ಅದು ಓದಲು ಬರುತ್ತಿರಲಿಲ್ಲ! ನಾವು ಕೈ ಮುಗಿಯುತ್ತಿದ್ದ ಹಲಗೆ ಅದು.

ಆವತ್ತೇ ಹಲಗೆಮನೆ ಬಿಟ್ಟೆ. ಆ ಹಲಗೆಯನ್ನು ಯಾರು ಬೇಕಾದರೂ ಓದುವ ಹಾಗೆ ಬರೆದೇ ತೀರುತ್ತೇನೆ ಎಂದು ಹೊರಟೆನೇನೋ ಸರಿ, ಹೇಗೆ ಬರೆಯುವುದು? ಸಾಲಿನ ನಡುವೆ ಜಾಗ ಬಿಟ್ಟರೆ ಗಾಳಿ ಆ ಜಾಗವನ್ನೂ ಒಂದು ಗುರುತು ಎಂದೇ ಓದುತ್ತದೆ, ಚೀಟಿಯಲ್ಲೂ ಅಲ್ಲಿ ಅಷ್ಟೇ ಜಾಗ ಇರಬೇಕೆಂದು ಹಟ ಹಿಡಿಯುತ್ತದೆ. ಹೀಗೆ ತಲೆ ಕೆರೆದುಕೊಂಡು ತಿರುಗುವಾಗ ಮೊಸರು ಮಾರುವ ಮಾಳಮ್ಮನ ಮನೆಯ ಮುಂದೆ ನಿಂತೆ. ಅವಳದ್ದು ಒಡೆದ ಅರ್ಧ ಹಲಗೆ. ಹಲಗೆಮನೆಗೆ ಕೊಡಲು ಕೈಯಲ್ಲಿ ಆಗದೆ ಅವಳೇ ಅವರಿವರನ್ನು ಕೇಳಿ ಬರೆದುಕೊಂಡದ್ದು. ಅಗಲ ಸಾಲದೆ ಸಾಲು ಮೂರು ತುಂಡಾಗಿ ಕೆಳಕೆಳಗೆ ಇಳಿದಿತ್ತು. ನಡುನಡುವೆ ದಂಡಿಯಾಗಿ ಜಾಗ. ಪಕ್ಕದಲ್ಲಿ ಎರಡು ಅಡ್ಡ, ಎರಡು ಉದ್ದ ಗೆರೆಯ ಒಂದು ಚೌಕಡಿ ಗೀಚಿ ‘ಇದು ಬರೀ ಮಜ್ಜಿಗೆ ಕೇಳೋರಿಗೆ’ ಎಂದು ತನಗೇ ನೆನಪಿಗೆ ಬರೆದುಕೊಂಡಿದ್ದಳು. ಆದರೂ ಚಾಪೆಯ ಮೇಲೆ ಮೊಸರಿನ ಚೀಟಿ ಸಾಲಾಗಿ ಬಿದ್ದಿವೆ!

“ಮಾಳಕ್ಕ, ಇದೇನು ಮೊದಲಲ್ಲಿ ಸುಳಿ ಥರ?” ಎಂದೆ.

“ಅಯ್ಯೋ, ಬರೆಯೋಕೆ ಮುಂಚೆ ಒಂದು ಸುಳಿ ಹಾಕ್ಬೇಕು ಅಂತ ನಮ್ಮವ್ವ ಹೇಳ್ತಿದ್ಲು. ನೆಲಕ್ಕೆ ರಂಗೋಲಿ ಇಕ್ಕುವಾಗ್ಲೂ ಹಂಗೇಯ. ತಪ್ಪಾಯ್ತಾ?”

ತಪ್ಪಲ್ಲ, ಅದೇ ಕೀಲಿ. ಮೊದಲಿಗೆ ಆ ಸುಳಿ ಕಂಡರೆ ಗಾಳಿ ಸಮಾಧಾನವಾಗಿ ಓದುತ್ತದೆ; ಜಾಗ ಬಿಟ್ಟರೆ ದಾಟಿಕೊಂಡು ಹೋಗುತ್ತದೆ, ಚೌಕಡಿಯ ಮುಂದಿನ ಮಾತು ಮನುಷ್ಯರಿಗೆ ಬರೆದದ್ದೆಂದು ಬಿಟ್ಟುಬಿಡುತ್ತದೆ. ಊರಿನ ಮೊಸರೆಲ್ಲ ಹದಿನೈದು ವರ್ಷದಿಂದ ಆ ಹಲಗೆಯ ಮೇಲೆ ನಡೆಯುತ್ತಿತ್ತು, ಕಸುಬಿನವರು ಒಬ್ಬರೂ ಕತ್ತೆತ್ತಿ ನೋಡಿರಲಿಲ್ಲ. ಮೊಸರಿನವಳ ಹಲಗೆಯಲ್ಲಿ ನೋಡುವುದೇನು ಎಂದು. ಮಾಳಮ್ಮನ ಎರಡೂ ಕೆನ್ನೆ ಹಿಡಿದು ಮುತ್ತು ಕೊಟ್ಟೆ. “ಥೂ, ಹುಚ್ಚಿ” ಎಂದಳು.

ಹನ್ನೊಂದು ತಿಂಗಳು ಕೂತೆ. ಮೇಷ್ಟ್ರ ನಲವತ್ತೊಂದು ಗುರುತುಗಳನ್ನು ಹಿತ್ತಲಲ್ಲಿ ಬರೆದುಕೊಂಡು, ಒಂದೊಂದನ್ನೇ ತೆಗೆದು, ಸುಳ್ಳು ಚೀಟಿ ಬರೆದು ಬಿಟ್ಟು, ಯಾವುದು ಬಂತು ಯಾವುದು ತಪ್ಪಿತು ಎಂದು ನೋಡಿ ನೋಡಿ ಆ ಗಂಟನ್ನು ಬಿಡಿಸಿದೆ. ಬೆರಳಿನ ತುದಿ ಬರೆಯುವ ಸುಣ್ಣಕ್ಕೆ ಸೀಳಿಹೋಯಿತು. ಇನ್ನೊಂದು ಸಂಗತಿಯನ್ನೂ ಕಂಡುಹಿಡಿದೆ, ಇದು ಮಾಳಮ್ಮನದ್ದಲ್ಲ, ನನ್ನದೇ: ಮೇಲೆ ಒಂದು ಸಲ ‘ಕೇರಿ ಎಂದರೆ ಇಂತಿಂಥವು’ ಎಂದು ಹೆಸರಿಟ್ಟುಬಿಟ್ಟರೆ, ಕೆಳಗೆ ‘ಕೇರಿ’ ಎಂದಷ್ಟೇ ಬರೆದರೂ ಗಾಳಿ ತಿಳಿದುಕೊಳ್ಳುತ್ತದೆ. ಇದು ಗೊತ್ತಾದ ದಿನ ಹಿತ್ತಲಲ್ಲಿ ಒಬ್ಬಳೇ ಕುಣಿದೆ. ಪಕ್ಕದ ಮನೆಯವರು ಬೇಲಿಯ ಮೇಲೆ ಇಣುಕಿ ನೋಡಿದರು, ನೋಡಲಿ.

ಹೊಸ ಹಲಗೆಗೆ ಬಾಗಿಲಿನ ಒಂದು ರೆಕ್ಕೆಯೇ ಬೇಕಾಯಿತು. ಮೊದಲು ಸುಳಿ. ಅದರ ಕೆಳಗೆ ‘ಕೇರಿ ಎಂದರೆ: ಮೇಲುಕೇರಿ, ಇಲ್ಲವೇ ಕುಂಬಾರಗುಂಡಿ, ಇಲ್ಲವೇ ಸಂತೆಬೀದಿ, ಇಲ್ಲವೇ ಇಟ್ಟಿಗೆಗೂಡು’, ಒಂದೊಂದರ ನಡುವೆಯೂ ಎದ್ದು ಕಾಣುವ ಕಡ್ಡಿ, ಆ ಕಡೆ ಈ ಕಡೆ ದೊಡ್ಡ ಅರ್ಧ ಬಳೆ. ಇನ್ನೂ ಕೆಳಗೆ, ಹಾಗೆಯೇ ಬಳೆಯೊಳಗೆ, ‘ಕರೆ ಎಂದರೆ: ನೋವು, ಇಲ್ಲವೇ ಹೆರಿಗೆ, ಇಲ್ಲವೇ ದಿನ ತುಂಬಿದೆ’. ಎಲ್ಲಕ್ಕೂ ಕೆಳಗೆ ‘ಮೊದಲು ಕರೆ, ನಡುವೆ ಏನಾದರೂ, ಕೊನೆಗೆ ಕೇರಿ’. ಪ್ರತಿ ಸಾಲಿನ ಪಕ್ಕದಲ್ಲೂ ಚೌಕಡಿ ಹಾಕಿ, ಇದು ಯಾತಕ್ಕೆ ಎಂದು ಒಂದು ಮಾತು. ಹಿತ್ತಲಲ್ಲಿ ನೂರು ಚೀಟಿ ಬಿಟ್ಟು ಪರೀಕ್ಷೆ ಮಾಡಿದೆ, ನೂರಕ್ಕೆ ನೂರೂ ಸರಿಯಾಗಿ ಬಂದವು. ಬರದೆ ಏನು, ಆ ಚೀಟಿಗಳನ್ನೂ ನಾನೇ ಬರೆದಿದ್ದೆನಲ್ಲ.

ಅಷ್ಟರಲ್ಲಿ ಸುದ್ದಿ ಬಂತು, ಗೂಡಿನ ಸಿದ್ದಾಜಮ್ಮನಿಗೆ ಮತ್ತೆ ದಿನ ತುಂಬುತ್ತಿದೆ ಎಂದು. ನನಗೆ ಅನ್ನ ಸೇರದೆ ಹೋಯಿತು. ಮೊದಲ ಮಗುವನ್ನು ನನ್ನ ಕಡ್ಡಿ ತಿಂದಿತ್ತು. ಇದಕ್ಕೆ ಹಾಗಾಗಬಾರದು. ಪುಟ್ಟತಾಯಮ್ಮನ ಹತ್ತಿರ ಹೋಗಿ, “ಅಕ್ಕಾ, ಇನ್ನೊಂದು ಸಲ ನನ್ನ ಕೈಯನ್ನ ನಂಬ್ತೀಯಾ?” ಎಂದೆ. ಅವಳು ಎಲೆ ಅಡಿಕೆ ಅಗಿಯುತ್ತ ನನ್ನ ಮುಖವನ್ನೇ ನೋಡಿ, “ಕೈನ ನಂಬಕಿಲ್ಲ. ಓದೋಕೆ ಬತ್ತದೆ ಅಂತೀಯಲ್ಲ, ತಕ್ಕೊಂಡು ಬಾ, ಓದಿ ನೋಡ್ತೀನಿ” ಎಂದಳು.

ಹಲಗೆ ಏರಿಸುವ ಬೆಳಿಗ್ಗೆ ಬೀದಿ ತುಂಬ ಜನ. ಊರಿನ ಹೆಸರಾಂತ ಹಲಗೆಯನ್ನು ಕೆಳಗಿಳಿಸುತ್ತಾರೆ ಎಂದರೆ ಸುಮ್ಮನಿರುತ್ತಾರೆಯೇ? ಸಂಪಿಗಯ್ಯ ಮೇಷ್ಟ್ರು ಕೊಡೆ ಊರಿಕೊಂಡು, ಹನ್ನೊಂದು ಜನ ಶಿಷ್ಯರೊಂದಿಗೆ ಬಂದರು. ನನ್ನ ಬಾಗಿಲಗಲದ ಹಲಗೆಯನ್ನು ಮೇಲಿಂದ ಕೆಳಗೆ ನೋಡಿ, “ಇದೇನಮ್ಮ, ಹಲಗೆಯೋ ಲಗ್ನಪತ್ರಿಕೆಯೋ?” ಎಂದರು. ಎಲ್ಲರೂ ಘೊಳ್ಳೆಂದು ನಕ್ಕರು. “ಗೇಣಿನಲ್ಲಿ ಬರೆಯೋದನ್ನ ಮಾರಿನಲ್ಲಿ ಬರೆದವ್ಳೆ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ” ಎಂದು ಸೇರಿಸಿದರು.

“ನಿಮ್ಮ ಗೇಣಿನಲ್ಲಿ ಏನಿದೆ ಅಂತ ಈಗ ಇಲ್ಲಿ ಓದಿಬಿಡಿ ಮೇಷ್ಟ್ರೇ, ನಾನು ನನ್ನ ಮಾರನ್ನ ಹೊತ್ಕೊಂಡು ವಾಪಸು ಹೋಗ್ತೀನಿ” ಎಂದೆ. ಅವರು ಕೊಡೆಯ ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು, ಓದಲಿಲ್ಲ. ಹಲಗೆ ಏರಿತು. ಪುಟ್ಟತಾಯಮ್ಮ ಕನ್ನಡಕ ಒರೆಸಿಕೊಂಡು ಮುಂದೆ ಬಂದು, ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿದಳು. ಮೂವತ್ತು ವರ್ಷ ತನ್ನ ಮನೆಯ ಮುಂದೆಯೇ ತೂಗಿದ್ದ ಮಾತು ಅವಳಿಗೆ ತಿಳಿದದ್ದು ಅವತ್ತು. ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಕುಪ್ಪಸದ ಗುಂಡಿ ಕಿತ್ತು ಬರಬೇಕು, ಹಾಗೆ.

ಆಗ ಗುಂಪಿನ ಹಿಂದಿನಿಂದ ಒಬ್ಬ ತುಂಬು ಬಸುರಿ ಗಂಡನ ಭುಜ ಹಿಡಿದುಕೊಂಡು ಮುಂದಕ್ಕೆ ಬಂದಳು. ಅವಳೇ ಸಿದ್ದಾಜಮ್ಮ. ಗಂಡ ಹೊಂಬಯ್ಯ ಬೇಡವೆಂದರೂ ಕೇಳದೆ ಹರಿಗೋಲು ಹತ್ತಿ ಬಂದಿದ್ದಳಂತೆ. ಅಂಗೈಯಲ್ಲಿ ಒಣಗಿದ ಕೆಮ್ಮಣ್ಣು. ನನ್ನನ್ನು ನೋಡಲೂ ಇಲ್ಲ. ಹಲಗೆಯ ಹತ್ತಿರ ನಿಂತು, ಅಕ್ಷರದ ಕೆಳಗೆ ಬೆರಳಿಟ್ಟು, ತುಟಿ ಆಡಿಸುತ್ತ ಮೊದಲಿಂದ ಕೊನೆಯವರೆಗೆ ಓದಿದಳು. ಇನ್ನೊಂದು ಸಲ ಓದಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: “ಅಕ್ಕಾ, ಹೋದ ಸಲದ ನನ್ನ ಚೀಟಿ ಇದಕ್ಕೆ ಬರ್ತಿತ್ತಾ?”

“ಬರದೆ ಏನವ್ವ! ಬಂದು ಒಂದೇ ಒಂದು ಚೀಟಿಯಾಗಿ ಚಾಪೆ ಮೇಲೆ ಕೂತ್ಕೊಳ್ತಿತ್ತು” ಎಂದೆ.

“ನಾನು ಅದ್ರಲ್ಲಿ ನೋವು ಅಂತ ಬರೆದಿರ್ಲಿಲ್ಲ ಕಣಕ್ಕ. ‘ನೀರು ಕಾಯ್ತಾ ಅದೆ, ಬಿರ್ನೆ ಬನ್ನಿ, ಇಟ್ಟಿಗೆಗೂಡು’ ಅಂತ ಬರೆದಿದ್ದೆ.”

ನಾನು ಹಲಗೆಯ ಕರೆಯ ಸಾಲನ್ನು ನೋಡಿದೆ. ಅವಳೇ ಹೇಳಿದಳು: “ನಮ್ಮೋರು ಯಾರೂ ಹಂಗೆ ಬರೆಯಕಿಲ್ಲ. ನೋವು ಅಂತ ಬರೆದು ಗಾಳಿಗೆ ಬುಟ್ರೆ ಅದು ಊರೆಲ್ಲ ಸುತ್ತಿ ಎರಡರಷ್ಟಾಗಿ ವಾಪಸ್ ಬತ್ತದೆ ಅಂತಾರೆ. ನೀರು ಕಾಯ್ತಾ ಅದೆ ಅಂದ್ರೆ ಅದೇಯ. ಇದ್ರಲ್ಲಿ ಆ ಮಾತೇ ಇಲ್ವಲ್ಲಕ್ಕ?”

ಇರಲಿಲ್ಲ. ಆ ದಿನ ಅವಳ ಚೀಟಿ ಚಾಪೆಗೆ ಬಂದದ್ದೇ ನನ್ನ ತಪ್ಪು ಕಡ್ಡಿಯ ದೆಸೆಯಿಂದ, ಇಟ್ಟಿಗೆಗೂಡು ಎಂದಿದ್ದುದನ್ನೆಲ್ಲ ಅದು ಬಾಚಿಕೊಂಡು ಬಂದಿತ್ತಲ್ಲ, ಅದರ ಜೊತೆಗೆ. ಈ ಹೊಸ ಹಲಗೆ, ನೂರಕ್ಕೆ ನೂರು ಸರಿಯಾದ ನನ್ನ ಹಲಗೆ, ಅವಳ ಚೀಟಿಯನ್ನು ಬಾಗಿಲಿಗೂ ಸೇರಿಸುತ್ತಿರಲಿಲ್ಲ. ಇನ್ನು ಹತ್ತು ದಿನಕ್ಕೆ ಅವಳು ಮತ್ತೆ ಅದೇ ಮಾತು ಬರೆದು ಬಿಡುತ್ತಿದ್ದಳು, ಈ ಸಲ ಅದು ಮಧ್ಯಾಹ್ನಕ್ಕೂ ಬರುತ್ತಿರಲಿಲ್ಲ. ಹನ್ನೊಂದು ತಿಂಗಳು ಮೇಷ್ಟ್ರ ಗುರುತು ಬಿಡಿಸಿದವಳು, ಆ ತಾಯಿ ಏನು ಬರೆದಿದ್ದಳು ಎಂದು ಒಂದು ದಿನ ಹೊಳೆ ದಾಟಿ ಹೋಗಿ ಕೇಳಲಿಲ್ಲ. ನಾಚಿಕೆಯಿಂದ ಸತ್ತುಹೋಗೋಣ ಎನ್ನಿಸಿತು. ಪುಟ್ಟತಾಯಮ್ಮನೂ ಹಣೆ ಚಚ್ಚಿಕೊಂಡಳು: “ಆ ಚೀಟಿ ನನ್ನ ಕೈಯಾಗೇ ಇತ್ತಲ್ಲೇ! ಈಗ ಇದನ್ನ ಓದ್ದಾಗ್ಲೂ ನಂಗೆ ಹೊಳೀನಿಲ್ವಲ್ಲ!”

ಮೇಷ್ಟ್ರು ಕೊಡೆಯಿಂದ ನೆಲ ಕುಟ್ಟಿದರು. “ನೋಡಿದ್ರೇನ್ರಪ್ಪ? ಏರಿಸಿ ಒಂದು ಗಳಿಗೆ ಆಗಿಲ್ಲ, ಗೂಡಿನ ಹೆಂಗಸು ತಪ್ಪು ತೆಗೆದಳು. ಇಳಿಸ್ರಿ ಅದನ್ನ!”

ನಾಚಿಕೆ ಎಲ್ಲಿ ಹೋಯಿತೋ, ಪಿತ್ತ ನೆತ್ತಿಗೇರಿತು. “ಹೌದು ಮೇಷ್ಟ್ರೇ, ತಪ್ಪಿದೆ!” ಎಂದು ಕೂಗಿದೆ. “ತಪ್ಪಿದೆ, ಅದು ಕಂಡಿತು. ಒಂದು ಗಳಿಗೆಗೆ ಕಂಡಿತು, ಕಾಣಬೇಕಾದವಳಿಗೇ ಕಂಡಿತು. ನಿಮ್ಮದರಲ್ಲಿ ಏನೇನಿದೆಯೋ, ಮೂವತ್ತು ವರ್ಷ ಆಯ್ತು, ಯಾರಿಗೆ ಕಂಡಿದೆ ಹೇಳಿ? ನಿಮಗೆ ಕಂಡಿದೆಯಾ?”

ಮೇಷ್ಟ್ರ ಮುಖ ಕಪ್ಪಿಟ್ಟಿತು. ಕೊಡೆ ಎತ್ತಿಕೊಂಡು ತಿರುಗಿ ನಡೆದುಬಿಟ್ಟರು. ಅವರ ಹಿಂದೆ ಹನ್ನೊಂದು ಜನರೂ ಹೋದರು. ಮೇಷ್ಟ್ರು ನನಗೆ ಕೈ ಹಿಡಿದು ಗುರುತು ತಿದ್ದಿಸಿದವರು. ಹಿಂದೆ ಓಡಿಹೋಗಿ ತಪ್ಪಾಯಿತು ಎನ್ನೋಣ ಎನ್ನಿಸಿತು. ಆದರೆ ಸಿದ್ದಾಜಮ್ಮ ಎದುರಿಗೆ ನಿಂತಿದ್ದಳು.

ಮಡಿಲಿನಿಂದ ಬಳಪ ತೆಗೆದು ಅವಳ ಕೈಗೆ ಕೊಟ್ಟೆ. “ಎಲ್ಲಿ ಸೇರಬೇಕು ಅಂತ ನೀನೇ ನೋಡಿ ಬರಿಯವ್ವ” ಎಂದೆ. ಅವಳು ಹೆದರಿ ಗಂಡನ ಮುಖ ನೋಡಿದಳು. ಹೊಂಬಯ್ಯ “ಬರಿ ಬರಿ” ಎಂದ. ಬೆರಳನ್ನು ಕೇರಿಯ ಸಾಲಿನ ಮೇಲೆ ಇಟ್ಟಳು, ತಲೆಯಾಡಿಸಿ ಕೆಳಗಿಳಿಸಿದಳು, ಕರೆಯ ಸಾಲಿನ ಕೊನೆಗೆ ತಂದು ನಿಲ್ಲಿಸಿದಳು. “ಇಲ್ಲಿ ಅಲ್ವಾ ಅಕ್ಕ? ಬಳೆ ಒಳಗೇ?” ಎಂದಳು. “ಅಲ್ಲೇ ಕಣವ್ವ” ಎಂದೆ. ಒಂದು ಕಡ್ಡಿ ಎಳೆದು, ಅದರ ಮುಂದೆ ದಪ್ಪ ಸೊಟ್ಟ ಅಕ್ಷರಗಳಲ್ಲಿ ‘ನೀರು ಕಾಯ್ತಾ ಅದೆ’ ಎಂದು ಬರೆದಳು. ಕಸುಬಿನವರು ಏಳು ವರ್ಷ ಕಲಿಯುವುದನ್ನು ಅವಳು ನಿಂತ ಕಾಲಲ್ಲಿ ಸರಿಯಾಗಿ ಮಾಡಿದಳು. ಅವಳ ಹಿಂದೆ ಇನ್ನೂ ಇಬ್ಬರು ಹೆಂಗಸರು ಬಂದು, ನಮ್ಮ ಕಡೆ ಹೀಗೆ ಬರೆಯುತ್ತಾರೆ, ಹಾಗೆ ಬರೆಯುತ್ತಾರೆ ಎಂದು ಹೇಳಿ ಒಂದೊಂದು ಮಾತು ಸೇರಿಸಿಹೋದರು.

ಅಲ್ಲಿಂದ ಒಂಬತ್ತು ದಿನ ನಾನು ಪುಟ್ಟತಾಯಮ್ಮನ ಜಗಲಿ ಬಿಟ್ಟು ಕದಲಲಿಲ್ಲ. ಊಟ ಅಲ್ಲಿ, ನಿದ್ದೆ ಅಲ್ಲಿ. “ಹಡೆಯೋದು ಅವಳೋ ನೀನೋ?” ಎಂದು ಪುಟ್ಟತಾಯಮ್ಮ ಗೇಲಿ ಮಾಡುತ್ತಿದ್ದಳು. ನಡುವೆ ‘ನೀರು ಕಾಯ್ತಾ ಅದೆ, ಅಳಿಯನ ಎಣ್ಣೆಸ್ನಾನಕ್ಕೆ ಬನ್ನಿ’ ಎಂದು ಯಾರನ್ನೋ ಕರೆದ ಚೀಟಿ ಒಂದೆರಡು ಬಂದವು. ಬರಲಿ, ಮುನ್ನೂರು ಬರುವುದಕ್ಕೆ ಎಷ್ಟೋ ವಾಸಿ. ನಾನು ಹಗಲೆಲ್ಲ ಖಾಲಿ ಚಾಪೆಯನ್ನೇ ನೋಡುತ್ತ ಕೂತಿರುತ್ತಿದ್ದೆ. ಗಾಳಿ ಜೋರಾಗಿ ಬೀಸಿದರೆ ಎದ್ದು ನಿಲ್ಲುತ್ತಿದ್ದೆ, ಗಾಳಿ ನಿಂತರೆ ಅಂಗಳಕ್ಕೇ ಇಳಿಯುತ್ತಿದ್ದೆ.

ಹತ್ತನೆಯ ದಿನ ಬೆಳಿಗ್ಗೆ, ದನ ಮೇಯಲು ಬಿಡುವ ಹೊತ್ತಿಗೆ, ಒಂದು ಚೀಟಿ ಹೊಳೆಯ ಕಡೆಯಿಂದ ತೇಲಿ ಬಂದು ಬರಿದಾದ ಚಾಪೆಯ ನಡುವೆ ಬಿತ್ತು. ಪುಟ್ಟತಾಯಮ್ಮ ಎತ್ತಿ ಓದಿದಳು. “ನೀರು ಕಾಯ್ತಾ ಅದೆ” ಎಂದಷ್ಟೇ ಹೇಳಿ, ಗಂಟು ಕಂಕುಳಿಗೆ ಇರುಕಿಕೊಂಡು ಅಂಗಳ ಇಳಿದಳು. ನಾನೂ ಹಿಂದೆಯೇ ಓಡಿದೆ. ಹರಿಗೋಲಿನವನಿಗೆ ಬೈದು ಬೈದು ಹುಟ್ಟು ಹಾಕಿಸಿದೆ.

ಹೋಗಿ ನೋಡಿದರೆ ಈ ಮಗುವೂ ನೆಟ್ಟಗಿರಲಿಲ್ಲ, ಅಡ್ಡ ತಿರುಗಿತ್ತು. ನನ್ನನ್ನು ಗುಡಿಸಲಿನ ಹೊರಗೆ ಒಲೆಯ ಮುಂದೆ ಕೂರಿಸಿದರು. ಹೊಂಬಯ್ಯ ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕುದಿಯುವ ನೀರಿಗೆ ಮತ್ತೆ ಮತ್ತೆ ಸೌದೆ ತುರುಕುತ್ತಿದ್ದ. ಒಳಗೆ ಪುಟ್ಟತಾಯಮ್ಮ “ತಡಿ, ಈಗ ಬೇಡ, ತಡಿ ನನ್ನವ್ವ” ಎನ್ನುತ್ತ ಹೊಟ್ಟೆ ನೀವಿ ನೀವಿ ಮಗುವನ್ನು ತಿರುಗಿಸುತ್ತಿದ್ದಳು. ಅರ್ಧ ಗಂಟೆ ತಡವಾಗಿದ್ದರೂ ಆಗುತ್ತಿರಲಿಲ್ಲ ಎಂದು ಅವಳೇ ಆಮೇಲೆ ಹೇಳಿದ್ದು. ಸೂರ್ಯ ನೆತ್ತಿಗೆ ಬರುವ ಮೊದಲೇ ಒಳಗಿನಿಂದ ಒಂದು ಅಳು ಕೇಳಿಸಿತು. ಎಂಥ ಅಳು ಅಂತೀರಿ! ಗೂಡಿನಲ್ಲಿ ಮಣ್ಣು ತುಳಿಯುತ್ತಿದ್ದವರೆಲ್ಲ ಕಾಲು ನಿಲ್ಲಿಸಿದರು. ಹೊಂಬಯ್ಯ ಸೌದೆ ಹಿಡಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ, ನಾನೂ ಅತ್ತೆ. ಹೆಣ್ಣು ಮಗು. ಮಣ್ಣಿನ ಬಣ್ಣ, ಬಾಯಿ ಮಾತ್ರ ದೊಡ್ಡದು.

ಮರುದಿನ ಬೆಳಿಗ್ಗೆ ನಾನು ಪುಟ್ಟತಾಯಮ್ಮನ ಮನೆಗೆ ಬಂದಾಗ ಹಲಗೆಯ ಮುಂದೆ ಯಾರೋ ಒಬ್ಬರೇ ನಿಂತಿದ್ದರು. ಸಂಪಿಗಯ್ಯ ಮೇಷ್ಟ್ರು. ಕೊಡೆಯನ್ನು ಗೋಡೆಗೆ ಒರಗಿಸಿ, ಬೆರಳನ್ನು ಸಾಲಿನ ಕೆಳಗೆ ಇಟ್ಟುಕೊಂಡು, ಮೆಲ್ಲಗೆ ತುಟಿಯಾಡಿಸಿ ಓದುತ್ತಿದ್ದರು. ನಾನು ಬಂದದ್ದು ತಿಳಿದರೂ ತಿರುಗಿ ನೋಡಲಿಲ್ಲ. ಕರೆಯ ಸಾಲಿಗೆ ಬಂದು ಬೆರಳು ನಿಂತಿತು.

“ಮಗು ಬಂದದ್ದು ಈ ಮಾತಿಗೇನಾ?” ಎಂದರು.

“ಅದಕ್ಕೇ ಮೇಷ್ಟ್ರೇ.”

ಅವರು ಇನ್ನೂ ಸ್ವಲ್ಪ ಹೊತ್ತು ಆ ಸೊಟ್ಟ ಅಕ್ಷರಗಳನ್ನು ನೋಡಿದರು. ಕಡ್ಡಿ ಎಲ್ಲಿ ಬಿದ್ದಿದೆ, ಬಳೆ ಎಲ್ಲಿ ಮುಚ್ಚಿದೆ ಎಂದು ಕಸುಬಿನವರ ಕಣ್ಣಿನಲ್ಲಿ ಅಳೆದರು. “ಕರಾರುವಾಕ್ಕಾಗಿದೆ. ನಲವತ್ತು ವರ್ಷ ಬರೆದೆ, ನನಗಿದು ಹೊಳೀತಿರಲಿಲ್ಲ” ಎಂದರು. ಆಮೇಲೆ ನನ್ನ ಕಡೆ ತಿರುಗಿ, ನಾನು ಹದಿನೈದು ವರ್ಷ ಅವರ ಬಾಯಲ್ಲಿ ಕೇಳಲು ಹಂಬಲಿಸಿದ್ದ ದನಿಯಲ್ಲಿ ಕೇಳಿದರು: “ಯಾರು ಬರೆದದ್ದು ಬೋರಿ, ನೀನಾ?”

“ನಾನಲ್ಲ ಮೇಷ್ಟ್ರೇ” ಎಂದೆ. ಅಷ್ಟು ಜಂಬದಿಂದ ನಾನು ನನ್ನ ಜೀವಮಾನದಲ್ಲಿ ಇನ್ನೊಂದು ಮಾತು ಆಡಿಲ್ಲ.